ಗ್ರಂಥಸೂಚಿಯಲ್ಲಿ ಹಿಂದಿನ ಒಡೆಯರ ಹೆಸರು

ಪ್ರತಿಯೊಂದು ಗ್ರಂಥಕ್ಕೂ ಎರಡು ಬಗೆಯ ಚರಿತ್ರೆಗಳಿರುತ್ತವೆ. ಅದನ್ನು ಯಾರು ಯಾವಾಗ ಬರೆದರು, ಯಾರು ಅಚ್ಚು ಹಾಕಿಸಿದರು, ಅದು ಎಷ್ಟನೆಯ ಆವೃತ್ತಿ ಎಂಬಿವು ಕೃತಿಯ ಚರಿತ್ರೆಗೆ ಸೇರಿದ ಸಂಗತಿಗಳು. ಆ ಆವೃತ್ತಿಯ ಎಲ್ಲ ಪ್ರತಿಗಳಿಗೂ ಅವು ಸಮಾನ. ಆದರೆ ನಮ್ಮ ಕೈಯಲ್ಲಿರುವ ಈ ಒಂದು ಪ್ರತಿಯು ಮೊದಲು ಯಾರ ಮನೆಯಲ್ಲಿತ್ತು, ಯಾವ ಮಠದಿಂದ ಯಾವ ಶಾಲೆಗೆ ಬಂದಿತು, ಅಂಚಿನಲ್ಲಿ ಟಿಪ್ಪಣಿ ಬರೆದವರು ಯಾರು ಎಂಬುದು ಪ್ರತಿಯ ಚರಿತ್ರೆ. ಅದು ಆ ಒಂದು ಪ್ರತಿಗೆ ಮಾತ್ರ ಸಲ್ಲುವದು. ನಮ್ಮ ಗ್ರಂಥಾಲಯಗಳ ಸೂಚಿಗಳು ಮೊದಲನೆಯದನ್ನು ಚೊಕ್ಕಟವಾಗಿ ದಾಖಲಿಸಿ ಎರಡನೆಯದನ್ನು ಬಹುಮಟ್ಟಿಗೆ ಕೈಬಿಡುತ್ತವೆ. ಈ ಕೊರತೆಯು ಸಾಮಾನ್ಯವಾದುದಲ್ಲ. ಸಾಂಗಲಿ-ಮಿರಜಗಳಂಥ ಗಡಿಭಾಗದ ಊರುಗಳಲ್ಲಂತೂ ಅದರಿಂದ ಆಗುವ ಹಾನಿ ಬಹಳ ದೊಡ್ಡದು ಎಂದು ತೋರಿಸುವದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಹಿಂದಿನವರ ರೂಢಿಯನ್ನು ನೋಡೋಣ. ಓಲೆಗರಿಯ ಕಟ್ಟಿನ ಕೊನೆಯಲ್ಲಿ ಲಿಪಿಕಾರನು ಅನೇಕ ಸಲ ತನ್ನ ಹೆಸರು, ಊರು, ಸಂವತ್ಸರ, ತಿಥಿಗಳನ್ನು ಬರೆಯುತ್ತಿದ್ದನು. ಯಾರಿಗಾಗಿ ಆ ಪ್ರತಿಯನ್ನು ಮಾಡಿದೆನೆಂಬುದನ್ನೂ ಹೇಳುತ್ತಿದ್ದನು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಸಂಗತಿ ನಮ್ಮ ವಿದ್ಯಾರ್ಥಿಗಳಿಗೂ ತಿಳಿದದ್ದೇ. ಆಕೆ ಶಾಂತಿಪುರಾಣವನ್ನು ರಚಿಸಿದವಳಲ್ಲ. ಆದರೂ ಆಕೆಯನ್ನು ಬಿಟ್ಟು ಆ ಕಾವ್ಯದ ಚರಿತ್ರೆಯನ್ನು ಹೇಳಲು ಬರುವದಿಲ್ಲ. ಬರೆದವನ ಕೀರ್ತಿಯ ಜೊತೆಗೆ ಬರೆಯಿಸಿದವರ, ಕಾಪಾಡಿದವರ ಪುಣ್ಯವನ್ನೂ ನಮ್ಮವರು ಲೆಕ್ಕಕ್ಕೆ ಹಿಡಿದಿದ್ದರು. ಅಚ್ಚಿನ ಪುಸ್ತಕ ಬಂದ ಮೇಲೆ ಪ್ರತಿಗಳೆಲ್ಲ ಒಂದೇ ಅಚ್ಚಿನವು ಎಂಬ ಭಾವನೆ ಬೆಳೆಯಿತು. ಒಡೆಯನ ಹೆಸರು ಎಂದರೆ ಪುಟವನ್ನು ಕೆಡಿಸಿದ ಕಲೆ ಎಂಬಂತಾಯಿತು.

ಹಿಂದಿನ ಒಡೆಯನ ಹೆಸರಿನಿಂದ ಆಗುವ ಪ್ರಯೋಜನವೇನು? ಎರಡು ಪ್ರಸಿದ್ಧ ಉದಾಹರಣೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಉತ್ತರ ದೊರೆಯುವದು.

ಮೊದಲನೆಯದು ಕೌಟಿಲ್ಯನ ಅರ್ಥಶಾಸ್ತ್ರ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಸರಕಾರಿ ಪ್ರಾಚ್ಯ ಗ್ರಂಥಾಲಯಕ್ಕೆ 1905ರ ಸುಮಾರಿಗೆ ಗ್ರಂಥಲಿಪಿಯ ಓಲೆಪ್ರತಿಯೊಂದು ಬಂದಿತು. ಅದರ ಮಹತ್ವವನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಅದನ್ನು ಮುದ್ರಿಸಿ ಪ್ರಕಟಿಸಿದಾಗ ಭಾರತದ ರಾಜನೀತಿಯ ಚರಿತ್ರೆಯನ್ನೇ ಹೊಸದಾಗಿ ಬರೆಯಬೇಕಾಯಿತು. ಇಂಥ ಪ್ರತಿಯನ್ನು ತಂದುಕೊಟ್ಟವರು ಯಾರು? ತಂಜಾವೂರು ಪ್ರಾಂತದ ಒಬ್ಬ ಪಂಡಿತರು ಎಂಬಷ್ಟೇ ಮಾತು ಲೋಕಕ್ಕೆ ತಿಳಿದಿದೆ. ಅವರ ಹೆಸರಾಗಲಿ ಊರಾಗಲಿ ಆ ಕಥೆಯೊಂದಿಗೆ ಉಳಿದುಬರಲಿಲ್ಲ. ಶಾಸ್ತ್ರಿಗಳ ಪಾಂಡಿತ್ಯಕ್ಕೆ ಇದರಿಂದ ಕುಂದಿಲ್ಲ. ಅವರು ಮಾಡಿದ ಕೆಲಸ ಸಾಮಾನ್ಯರಿಂದ ಆಗುವಂಥದಲ್ಲ. ಆದರೆ ಹೆಸರು ಉಳಿಯದೆ ಹೋದುದರಿಂದ ಒಂದು ಬಾಗಿಲು ಮುಚ್ಚಿದಂತಾಯಿತು. ಆ ಪ್ರತಿಯ ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಸಣ್ಣ ಭಾಗವೂ ಬಂದಿತ್ತು. ಉಳಿದ ಭಾಗವು ಅದೇ ಮನೆಯಲ್ಲಿತ್ತೋ, ನೆಂಟರ ಮನೆಯಲ್ಲಿತ್ತೋ, ಆ ಮನೆತನವು ಎಲ್ಲಿಯ ಗುರುಪರಂಪರೆಗೆ ಸೇರಿತ್ತೋ ಎಂದು ವಿಚಾರಿಸಲು ಹೊರಟವನಿಗೆ ಯಾವ ಊರಿನ ಯಾವ ಓಣಿಗೆ ಹೋಗಬೇಕೆಂಬುದೇ ತಿಳಿಯದು.

ಎರಡನೆಯದು ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳು. ಷಟ್ಖಂಡಾಗಮ ಮತ್ತು ಅದರ ಧವಳಾ ಟೀಕೆಯು ಹಳಗನ್ನಡ ಲಿಪಿಯ ಓಲೆಗಳಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದಿದ್ದವು. ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಅವುಗಳ ಮುದ್ರಣವನ್ನು ಆರಂಭಿಸಿದಾಗ ಅವರಿಗೆ ಆಧಾರವಾದದ್ದು ಹೊರಗೆ ಹೋಗಿದ್ದ ನಕಲುಗಳು. ನಕಲಿನ ನಕಲಿನಲ್ಲಿ ತಪ್ಪುಗಳು ಸೇರುವದು ಸಹಜ. ಆದರೆ ಮೂಲವು ಯಾವ ಭಂಡಾರಕ್ಕೆ ಸೇರಿದ್ದೆಂಬುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಮುಂದೆ ಮೂಡಬಿದಿರೆಯ ಓಲೆಗಳೊಂದಿಗೆ ತಾಳೆ ನೋಡಿ ಪಾಠವನ್ನು ತಿದ್ದುವದು ಸಾಧ್ಯವಾಯಿತು. 1958ರ ಹೊತ್ತಿಗೆ 16 ಸಂಪುಟಗಳು ಪೂರ್ಣಗೊಂಡವು. ಒಂದು ಕಡೆ ಒಡೆಯರ ಹೆಸರು ಉಳಿಯಲಿಲ್ಲ, ಶೋಧವು ಅಲ್ಲಿಗೇ ನಿಂತಿತು. ಇನ್ನೊಂದು ಕಡೆ ಒಡೆತನವು ತಿಳಿದಿತ್ತು, ಶೋಧವು ಮೂಲದ ವರೆಗೆ ನಡೆಯಿತು. ನಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯು ಬೇಕಾಗಿಲ್ಲ.

ಇದೇ ಪ್ರದೇಶದ ಭಂಡಾರಗಳ ಬಗ್ಗೆ ವಿದ್ವಾನ್ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಮೂಡಬಿದಿರೆ, ಕಾರ್ಕಳ ಮುಂತಾದ ಕಡೆಯ ಭಂಡಾರಗಳ ಓಲೆಪ್ರತಿಗಳು ಅದರಲ್ಲಿ ಭಂಡಾರವನ್ನು ಅನುಸರಿಸಿ ದಾಖಲಾಗಿವೆ. ಸೂಚಿಯೆಂದರೆ ಬರಿಯ ಹೆಸರುಗಳ ಯಾದಿಯಲ್ಲ, ಯಾವ ಗ್ರಂಥ ಯಾರ ಆಶ್ರಯದಲ್ಲಿ ಉಳಿಯಿತೆಂಬುದರ ದಾಖಲೆಯೂ ಹೌದು ಎಂಬ ತಿಳಿವಳಿಕೆ ಆ ಕೆಲಸದ ಹಿಂದೆ ಇದೆ. ಅಚ್ಚಿನ ಪುಸ್ತಕಗಳ ಸೂಚಿಯನ್ನು ಮಾಡುವವರು ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದಾಗಿತ್ತು.

ನಮ್ಮ ನೆರೆಯ ವಿಜಾಪುರಕ್ಕೆ ಬರೋಣ. ಅಲ್ಲಿಯ ಆಸಾರ ಮಹಲಿನಲ್ಲಿದ್ದ ಅರಬೀ-ಪಾರಸೀ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯವನ್ನು ಸೇರಿದವು. ಪುಸ್ತಕಗಳು ಊರು ಬಿಟ್ಟರೂ ಅವುಗಳ ಮೇಲಿನ ಆದಿಲಶಾಹಿ ಅರಸರ ಮುದ್ರೆಗಳೂ ಭಂಡಾರಕ್ಕೆ ಸೇರಿದಾಗ ಬರೆದ ಟಿಪ್ಪಣಿಗಳೂ ಅಲ್ಲಿಯೇ ಉಳಿದವು. ಅವುಗಳನ್ನು ಓದಿಕೊಂಡೇ ಇಂದಿನ ವಿದ್ವಾಂಸರು ಎರಡನೆಯ ಇಬ್ರಾಹಿಮ ಆದಿಲಶಹನ ಕಾಲದ ಅರಮನೆಯ ಗ್ರಂಥಭಂಡಾರದ ಸ್ವರೂಪವನ್ನು ಕಲ್ಪಿಸಿಕೊಳ್ಳುತ್ತಿರುವರು. ಅದರಂತೆ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ವಶವಾದ ಟಿಪ್ಪು ಸುಲ್ತಾನನ ಗ್ರಂಥಭಂಡಾರಕ್ಕೆ ಚಾರ್ಲ್ಸ್ ಸ್ಟೂವರ್ಟನು 1809ರಲ್ಲಿ ಸೂಚಿಯನ್ನು ಪ್ರಕಟಿಸಿದನು. ಪುಸ್ತಕಗಳು ಮುಂದೆ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಹೋದರೂ ಅವು ಒಂದು ಕಾಲಕ್ಕೆ ಕಾವೇರಿಯ ದಡದ ಒಂದೇ ಭಂಡಾರದಲ್ಲಿದ್ದವೆಂದು ಹೇಳಬಲ್ಲ ಸಾಧನವು ಆ ಸೂಚಿಯೇ. ಗೆದ್ದವನು ಮಾಡಿದ ಸೂಚಿಯು ಸೋತವನ ಒಡೆತನವನ್ನು ಉಳಿಸಿತು. ನಮ್ಮ ಊರಿನ ವಾಚನಾಲಯದ ಸೂಚಿಯು ನಮ್ಮವರ ಒಡೆತನವನ್ನು ಉಳಿಸದಿದ್ದರೆ ಅದಕ್ಕೆ ಯಾವ ಸಮಾಧಾನ ಹೇಳೋಣ?

ಈಗ ಸಾಂಗಲಿ-ಮಿರಜಗಳ ಮಾತು. ದಫ್ತರದ ಒಡೆತನದಿಂದ ಕಾಗದಕ್ಕೆ ಬೆಲೆ ಬರುವದೆಂಬುದನ್ನು ಈ ಊರುಗಳಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಮಿರಜದ ಹೈಸ್ಕೂಲಿನಲ್ಲಿ ಶಿಕ್ಷಕರಾಗಿದ್ದ ವಾಸುದೇವಶಾಸ್ತ್ರಿ ಖರೆಯವರು ಪಟವರ್ಧನ ಮನೆತನದ ಹಳೆಯ ದಫ್ತರಗಳನ್ನು ಬಿಚ್ಚಿ ‘ಐತಿಹಾಸಿಕ ಲೇಖ ಸಂಗ್ರಹ’ದ ಸಂಪುಟಗಳನ್ನು ಮರಾಠಿಯಲ್ಲಿ ಹೊರತಂದರು. ಒಬ್ಬ ಶಾಲಾ ಶಿಕ್ಷಕರು 1924ರಲ್ಲಿ ತೀರಿಕೊಳ್ಳುವ ವರೆಗೆ ನಡೆಯಿಸಿದ ಈ ಉದ್ಯೋಗವು ಮರಾಠರ ಇತಿಹಾಸಕ್ಕೆ ಆಧಾರಸ್ತಂಭವಾಯಿತು. ಆ ಪತ್ರಗಳು ಇಂಥ ಮನೆತನದ ದಫ್ತರದಲ್ಲಿದ್ದವು ಎಂಬುದು ನಿಶ್ಚಿತವಾಗಿದ್ದುದರಿಂದಲೇ ಇತಿಹಾಸಕಾರರು ಅವುಗಳನ್ನು ನಂಬಿದರು. ಸಂತೆಯಲ್ಲಿ ಸಿಕ್ಕ ಬಿಡಿ ಕಾಗದಗಳಾಗಿದ್ದರೆ ಅವುಗಳಿಗೆ ಅಷ್ಟು ಪ್ರಾಮಾಣ್ಯವು ಬರುತ್ತಿರಲಿಲ್ಲ. ಪತ್ರಕ್ಕೆ ಒಪ್ಪಿದ ನ್ಯಾಯವನ್ನು ಪುಸ್ತಕಕ್ಕೂ ಒಪ್ಪಬೇಕು.

ಇಲ್ಲಿಯ ಕನ್ನಡ ಪುಸ್ತಕಗಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ಅವಶ್ಯ. ಸಂಸ್ಥಾನಗಳ ಕಾಲದಲ್ಲಿ ಸಾಂಗಲಿಯ ಆಡಳಿತದಲ್ಲಿ ಶಿರಹಟ್ಟಿ, ತೇರದಾಳಗಳಂಥ ಅಚ್ಚಗನ್ನಡದ ಭಾಗಗಳಿದ್ದವು. ಹಿರಿಯ ಮಿರಜ ಸಂಸ್ಥಾನಕ್ಕೆ ಲಕ್ಷ್ಮೇಶ್ವರವು ಸೇರಿತ್ತು. ಪಂಪನು ತನ್ನ ಕನ್ನಡಕ್ಕೆ ಆಧಾರವೆಂದು ಹೆಸರಿಸಿದ ಪುಲಿಗೆರೆಯೇ ಈ ಲಕ್ಷ್ಮೇಶ್ವರ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯು ಆಯಿತು. 1956ರಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿಗಳು ಮೈಸೂರು ರಾಜ್ಯಕ್ಕೆ ಸೇರಿದವು. 1960ರಲ್ಲಿ ಮಹಾರಾಷ್ಟ್ರ ರಾಜ್ಯವು ಹುಟ್ಟಿ, ಅದೇ ವರ್ಷ ದಕ್ಷಿಣ ಸಾತಾರಾ ಜಿಲ್ಲೆಗೆ ಸಾಂಗಲಿಯೆಂಬ ಹೆಸರು ಬಂದಿತು. ಗಡಿಗಳು ಹೀಗೆ ಸರಿಯುತ್ತಿದ್ದಾಗ ಪುಸ್ತಕಗಳು ಕಪಾಟಿನಲ್ಲಿಯೇ ಕುಳಿತಿದ್ದವು. ಅವುಗಳ ಮೇಲೆ ಬಿದ್ದ ಶಿಕ್ಕೆಗಳು ಮಾತ್ರ ಬದಲಾದವು.

ಆದ್ದರಿಂದ ಒಂದು ಶಿಕ್ಕೆಯು ಎಷ್ಟು ಮಾತನಾಡಬಲ್ಲದೆಂಬುದನ್ನು ವಿಚಾರಿಸಿರಿ. ಒಂದು ಹಳೆಯ ಕನ್ನಡ ವ್ಯಾಕರಣದ ಮೇಲೆ ಸಂಸ್ಥಾನದ ಶಾಲೆಯ ಶಿಕ್ಕೆ ಇದ್ದರೆ ಅದು 1948ಕ್ಕೆ ಮೊದಲೇ ಆ ಶಾಲೆಯಲ್ಲಿತ್ತೆಂದು ಊಹಿಸಬಹುದು. ‘ದಕ್ಷಿಣ ಸಾತಾರಾ ಜಿಲ್ಲೆ’ ಎಂದಿದ್ದರೆ ಆ ಶಿಕ್ಕೆಯನ್ನು ಮಾಡಿಸಿದ ಕಾಲವು 1949ರಿಂದ 1960ರ ಒಳಗಿನದು. ಎರಡೂ ಒಂದೇ ಪುಟದಲ್ಲಿದ್ದರೆ ಆಡಳಿತವು ಬದಲಾದರೂ ಕನ್ನಡದ ಪುಸ್ತಕವು ಬಳಕೆಯಲ್ಲಿ ಉಳಿಯಿತೆಂಬುದಕ್ಕೆ ಆಧಾರ ಸಿಕ್ಕಂತಾಯಿತು. ಇಲ್ಲಿ ಕನ್ನಡವನ್ನು ಯಾರು ಓದುತ್ತಿದ್ದರು ಎಂದು ಕೇಳಿದವರಿಗೆ ಭಾಷಣಗಳಿಂದ ಉತ್ತರ ಕೊಡುವದಕ್ಕಿಂತ ಇಂಥ ಒಂದು ಪುಟವನ್ನು ತೆರೆದು ತೋರಿಸುವದು ಲೇಸು. ಸಾಂಗಲಿ-ಮಿರಜಗಳ ನಡುವಿನ ವಿಲಿಂಗ್ಡನ್ ಕಾಲೇಜು 1919ರಲ್ಲಿ ಸ್ಥಾಪಿತವಾದದ್ದು. ಅಲ್ಲಿ ರಂ. ಶ್ರೀ. ಮುಗಳಿಯವರು ಬಹುಕಾಲ ಕನ್ನಡವನ್ನು ಕಲಿಸಿದರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿ. ಕೃ. ಗೋಕಾಕರು ಅದೇ ಕಾಲೇಜಿನ ಪ್ರಾಚಾರ್ಯರಾಗಿದ್ದರು. ಇಂಥವರ ಕೈಯಲ್ಲಿ ಆಡಿದ, ಅಂಚಿನಲ್ಲಿ ಅವರ ಗುರುತುಗಳಿರುವ ಪ್ರತಿಯು ಎಲ್ಲಿಯಾದರೂ ಇದ್ದರೆ ಅದು ಅಂಗಡಿಯಲ್ಲಿ ದೊರೆಯುವ ಪ್ರತಿಗೆ ಸಮನಾದುದೆಂದು ಯಾರು ಹೇಳುವರು? ಸೂಚಿಯು ಹೇಳದಿದ್ದರೆ ಅಂಥ ಪ್ರತಿಯನ್ನು ಹುಡುಕುವದಾದರೂ ಹೇಗೆ?

ಈ ದಾಖಲೆಯನ್ನು ಗಡಿವಾದದ ಆಯುಧವೆಂದು ಮಾತ್ರ ಬಗೆಯುವದು ನಮಗೆ ಸಮ್ಮತವಲ್ಲ. ಕನ್ನಡದ ಪುಸ್ತಕದ ಮೇಲೆ ಮರಾಠಿ ಮನೆತನದ ಹೆಸರಿರಬಹುದು. ಮರಾಠಿಯ ಪೋಥಿಯ ಮೇಲೆ ಕನ್ನಡಿಗನ ರುಜು ಇರಬಹುದು. ಮುಂಬಯಿ ಕರ್ನಾಟಕದಲ್ಲಿ ಕನ್ನಡಿಗರೂ ಲೆಕ್ಕಪತ್ರಗಳಿಗೆ ಮೋಡಿ ಲಿಪಿಯನ್ನು ಬಳಸುತ್ತಿದ್ದ ಕಾಲವೊಂದಿತ್ತು. ಆದುದರಿಂದ ಕನ್ನಡ ಗ್ರಂಥದ ಮೊದಲ ಪುಟದಲ್ಲಿ ಒಡೆಯನ ಹೆಸರು ಮೋಡಿಯಲ್ಲಿ ಬರೆದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅದನ್ನು ಓದಲಾರದ ಸೂಚಿಕಾರನು ಗೀಚು ಎಂದು ಬಿಟ್ಟುಬಿಟ್ಟರೆ ಎರಡು ಭಾಷೆಗಳ ಕೂಡುಬಾಳ್ವೆಯ ಒಂದು ಸಾಕ್ಷಿಯೇ ಅಳಿಸಿಹೋಗುವದು.

ನಮ್ಮ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ಪರಿಶೀಲಿಸಬೇಕು.

ಸೂಚಿಯು ಪುಸ್ತಕವನ್ನು ಹುಡುಕಲಿಕ್ಕೆ ಇರುವದೇ ಹೊರತು ಒಡೆಯರನ್ನು ಹೊಗಳಲಿಕ್ಕೆ ಅಲ್ಲ ಎಂಬುದು ಮೊದಲನೆಯದು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಹೇಳಿದ ಎಸ್. ಆರ್. ರಂಗನಾಥನ್ನರು ಓದುಗನ ಸಮಯವನ್ನು ಉಳಿಸಬೇಕೆಂದು ಒತ್ತಿಹೇಳಿರುವದು ನಿಜ. ಆದರೆ ಓದುಗರಲ್ಲಿ ಎಲ್ಲರೂ ಒಂದೇ ಬಗೆಯವರಲ್ಲ. ಪಾಠಾಂತರಗಳನ್ನು ಹುಡುಕುವವನಿಗೆ ಯಾವ ಪ್ರತಿ ಯಾವ ಮಠದ್ದೆಂಬುದೇ ಮುಖ್ಯ. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಒಂದು ಇನ್ನೊಂದರ ನಕಲೇ ಎಂಬ ಸಂಶಯ ಹುಟ್ಟುವದು. ಆ ಎರಡು ಪ್ರತಿಗಳ ಒಡೆಯರಿಗೆ ಸಂಬಂಧವಿತ್ತೆಂದು ತಿಳಿದರೆ ಸಂಶಯವು ಬಲವಾಗುವದು. ಫ. ಗು. ಹಳಕಟ್ಟಿಯವರು ವಿಜಾಪುರದ ಸುತ್ತುಮುತ್ತಲಿನ ಮನೆ-ಮಠಗಳಿಂದ ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರಡಿಸಿದ ಮೇಲೆ ವಚನಗಳ ಪಾಠನಿರ್ಣಯಕ್ಕೆ ಕುಳಿತವರೆಲ್ಲರಿಗೂ ಈ ಪ್ರಶ್ನೆಯು ಎದುರಾಗಿರಲೇಬೇಕು. ಅಂಥ ಓದುಗನ ಸಮಯವನ್ನು ಉಳಿಸುವದೂ ಸೂಚಿಯ ಧರ್ಮವೇ.

ಕೆಲಸ ಹೆಚ್ಚಾಗುವದೆಂಬುದು ಎರಡನೆಯ ಆಕ್ಷೇಪ. ಎಲ್ಲ ಪುಸ್ತಕಗಳಿಗೂ ಇದನ್ನು ಮಾಡಿರೆಂದು ನಾವು ಹೇಳುವದಿಲ್ಲ. ವಿರಳವಾದ, ಹಳೆಯ ಪುಸ್ತಕಗಳಿಗಾದರೂ ಮಾಡಿರೆಂಬುದು ನಮ್ಮ ಬೇಡಿಕೆ. ಗಣಕಯಂತ್ರದ ಸೂಚಿಗಳಿಗೆ ಜಗತ್ತಿನ ಬಹಳ ಗ್ರಂಥಾಲಯಗಳು ಅನುಸರಿಸುವ ಮಾರ್ಕ್ ಎಂಬ ಪದ್ಧತಿಯಲ್ಲಿ ಇದಕ್ಕಾಗಿಯೇ ಸ್ಥಳವನ್ನು ಇಟ್ಟಿರುವರು. ಪುಸ್ತಕವು ಕಡೆಗೆ ಯಾರಿಂದ ಬಂದಿತೆಂಬುದನ್ನು 541ನೆಯ ಅಂಕಣದಲ್ಲಿಯೂ, ಅದಕ್ಕೂ ಹಿಂದಿನ ಒಡೆತನದ ಪರಂಪರೆಯನ್ನು 561ನೆಯ ಅಂಕಣದಲ್ಲಿಯೂ ಬರೆಯಬೇಕು. 700ನೆಯ ಅಂಕಣದಲ್ಲಿ ಹಿಂದಿನ ಒಡೆಯನ ಹೆಸರನ್ನು ಬರೆದರೆ ಗ್ರಂಥಕರ್ತನ ಹೆಸರಿನಿಂದ ಹುಡುಕಿದಂತೆ ಒಡೆಯನ ಹೆಸರಿನಿಂದಲೂ ಹುಡುಕಬಹುದು. ನಮ್ಮ ವಹಿಗಳಲ್ಲಿ ಸಾಮಾನ್ಯವಾಗಿ ‘ಎಲ್ಲಿಂದ ಬಂದಿತು’ ಎಂಬ ಒಂದೇ ಅಂಕಣವಿರುವದು. ಅಲ್ಲಿ ಅಂಗಡಿಯ ಹೆಸರನ್ನು ಬರೆದರೆ ಹಿಂದಿನ ಮೂವರು ಒಡೆಯರು ಮರೆಯಾಗುವರು. ಕೊಟ್ಟವನು ಬೇರೆ, ಒಡೆಯನು ಬೇರೆ ಎಂಬ ಭೇದವನ್ನು ಮೊದಲು ಅರಿಯಬೇಕು.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಪುಸ್ತಕಗಳ ಒಡೆತನ ಯಾರಿಗಿತ್ತು? ಹಣವುಳ್ಳವರಿಗೆ, ಅಕ್ಷರವು ಮನೆಯಲ್ಲಿಯೇ ಇದ್ದವರಿಗೆ. ಅವರ ಹೆಸರುಗಳನ್ನೇ ಮತ್ತೆ ಕೊರೆದರೆ ಉಳಿದವರ ಪಾಡೇನು? ಇದು ನ್ಯಾಯವಾದ ಪ್ರಶ್ನೆ. ಆದರೆ ಉತ್ತರವೂ ಅದರಲ್ಲಿಯೇ ಇದೆ. ದೊಡ್ಡವರ ಹೆಸರುಗಳು ಬೇರೆ ದಾಖಲೆಗಳಲ್ಲಿ ಹೇಗೂ ಉಳಿಯುವವು. ಬಹುಮಾನವಾಗಿ ಒಂದು ಪುಸ್ತಕವನ್ನು ಪಡೆದ ಬಡ ಹುಡುಗಿಯ ಹೆಸರು, ತಿಂಗಳ ಸಂಬಳದಲ್ಲಿ ಉಳಿಸಿ ಒಂದು ನಿಘಂಟನ್ನು ಕೊಂಡ ಕನ್ನಡ ಸಾಲಿಯ ಮಾಸ್ತರರ ಹೆಸರು ಉಳಿಯುವ ಸ್ಥಳವು ಆ ಪುಸ್ತಕದ ಮೊದಲ ಪುಟವೊಂದೇ. ಹಳ್ಳಿಗಳಲ್ಲಿ ಪಠ್ಯಪುಸ್ತಕವು ಅಣ್ಣನಿಂದ ತಮ್ಮನಿಗೆ, ಅವನಿಂದ ನೆರೆಮನೆಯ ಹುಡುಗನಿಗೆ ದಾಟುತ್ತ ಹೋಗುವದನ್ನು ಎಲ್ಲ ಶಿಕ್ಷಕರೂ ಬಲ್ಲರು. ಒಂದು ಹೆಸರಿಗೆ ಗೀಟು ಎಳೆದು ಅದರ ಕೆಳಗೆ ಇನ್ನೊಂದನ್ನು ಬರೆದ ಆ ಪುಟವು ಒಂದು ಊರಿನ ವಿದ್ಯೆಯ ವಂಶಾವಳಿಯಾಗಿದೆ.

ಈ ಗುರುತುಗಳು ನಾಶವಾಗುವ ಬಗೆಗಳು ಹಲವು. ಹೊಸ ರಟ್ಟು ಹಾಕುವಾಗ ಹಳೆಯ ಮೊದಲ ಹಾಳೆಯನ್ನು ಕಿತ್ತೊಗೆಯುವರು. ಹಳೆಯ ಚೀಟಿಯ ಮೇಲೆ ಹೊಸ ಚೀಟಿಯನ್ನು ಅಂಟಿಸುವರು. ಜೀರ್ಣವಾಯಿತೆಂದು ರದ್ದಿಗೆ ಹಾಕುವರು. ಇವುಗಳಿಗೆಲ್ಲ ಮಿಗಿಲಾದದ್ದು ಕೃಷ್ಣೆಯ ನೀರು. 2019ರ ಆಗಸ್ಟ್ ತಿಂಗಳಿನ ಮಹಾಪೂರದಲ್ಲಿ ಸಾಂಗಲಿಯ ನಗರ ವಾಚನಾಲಯದ ಸಾವಿರಾರು ಪುಸ್ತಕಗಳು ನೆನೆದು ಹಾಳಾದವು. ಅಚ್ಚಿನ ಪುಸ್ತಕಕ್ಕೆ ಇನ್ನೊಂದು ಪ್ರತಿಯು ಪುಣೆಯಲ್ಲಿಯೋ ಧಾರವಾಡದಲ್ಲಿಯೋ ಸಿಕ್ಕೀತು. ಆದರೆ ನೀರಿನಲ್ಲಿ ಕರಗಿದ ರುಜುವಿಗೆ ಇನ್ನೊಂದು ಪ್ರತಿಯಿಲ್ಲ. ಅದನ್ನು ಮೊದಲೇ ಸೂಚಿಯಲ್ಲಿ ಎತ್ತಿಕೊಂಡು ಬರೆದಿಟ್ಟು, ಆ ಸೂಚಿಯ ನಕಲನ್ನು ಬೇರೊಂದು ಊರಿನಲ್ಲಿ ಇರಿಸಿದ್ದರೆ ಮಾತ್ರ ಅದು ಉಳಿಯುವದು. ಹೊಳೆಯ ದಂಡೆಯ ಊರಿನವರು ಈ ಮಾತನ್ನು ಉಳಿದವರಿಗಿಂತ ಮೊದಲು ಮನಗಾಣಬೇಕು.

ಹೇಗೆ ಬರೆಯಬೇಕೆಂಬುದನ್ನೂ ಸಂಕ್ಷೇಪವಾಗಿ ಹೇಳುವೆವು. ಹೆಸರು ಇದ್ದದ್ದನ್ನು ಇದ್ದಂತೆ ಎತ್ತಿಕೊಳ್ಳಬೇಕು, ಕಾಗುಣಿತವನ್ನು ತಿದ್ದಬಾರದು. ಅದು ಯಾವ ಪುಟದಲ್ಲಿದೆ, ಯಾವ ಲಿಪಿಯಲ್ಲಿದೆ, ಶಾಯಿಯದೋ ಸೀಸದಕಡ್ಡಿಯದೋ ಶಿಕ್ಕೆಯೋ ಅಂಟಿಸಿದ ಚೀಟಿಯೋ ಎಂಬುದನ್ನು ಹೇಳಬೇಕು. ತಾರೀಖು ಇದ್ದರೆ ಬರೆಯಬೇಕು, ಇಲ್ಲದಿದ್ದರೆ ಊಹಿಸಿ ತುಂಬಬಾರದು. ಓದಲು ಬಾರದ ಮೋಡಿಯನ್ನು ತೆಳುಕಾಗದದ ಮೇಲೆ ಪಡಿಮೂಡಿಸಿಯೋ ಛಾಯಾಚಿತ್ರ ತೆಗೆದೋ ಬಲ್ಲವರಿಗಾಗಿ ಕಾದಿರಿಸಬೇಕು. ಬರಿಯ ಅಡ್ಡಹೆಸರನ್ನು ಕಂಡು ಇಂಥ ಪ್ರಸಿದ್ಧರದೇ ಎಂದು ನಿರ್ಣಯಿಸುವದು ತಪ್ಪು. ಪ್ರಸಿದ್ಧರ ಹೆಸರನ್ನು ಸುಮ್ಮನೆ ಅಂಟಿಸುವದರಿಂದ ಆಗುವ ಕೇಡು ಏನೂ ಬರೆಯದೆ ಇರುವದಕ್ಕಿಂತ ಹೆಚ್ಚಿನದು. ಬೇರೊಂದು ಸಂಸ್ಥೆಯ ಶಿಕ್ಕೆಯಿದ್ದು, ಅದನ್ನು ಅವರು ರದ್ದುಮಾಡಿದ ಗುರುತಿಲ್ಲದಿದ್ದರೆ ಆ ಪುಸ್ತಕವು ಎರವಲಾಗಿ ಬಂದು ಹಿಂದಿರುಗದೆ ಉಳಿದದ್ದೋ ಎಂದು ವಿಚಾರಿಸುವದೂ ಪ್ರಾಮಾಣಿಕತೆಯ ಲಕ್ಷಣ.

ಇದನ್ನು ದೊಡ್ಡ ಗ್ರಂಥಾಲಯಗಳೇ ಮಾಡಲಿ ಎಂದು ಕಾಯಬೇಕಾಗಿಲ್ಲ. ಜತ್ತ, ಮಿರಜ ತಾಲೂಕುಗಳ ಕನ್ನಡ ಶಾಲೆಗಳ ಕಪಾಟುಗಳಲ್ಲಿ ಹಳೆಯ ಪುಸ್ತಕಗಳು ಇಂದಿಗೂ ಇರಬಹುದು. ನೂರು ಪುಟದ ಒಂದು ವಹಿ ಸಾಕು. ಏಳನೆಯ ಇಯತ್ತೆಯ ಮಕ್ಕಳು ವಾರಕ್ಕೆ ಹತ್ತು ಪುಸ್ತಕಗಳನ್ನು ತೆರೆದು ಮೊದಲ ಪುಟವನ್ನೂ ಕೊನೆಯ ಪುಟವನ್ನೂ ನೋಡಿ ಕಂಡದ್ದನ್ನು ಬರೆಯಲಿ. ಶಿಕ್ಷಕರು ತಾಳೆ ನೋಡಿ ರುಜು ಹಾಕಲಿ. ಲಿಪಿ, ಇತಿಹಾಸ, ಊರಿನ ಭೂಗೋಲ ಮೂರೂ ಅದರಿಂದ ಕಲಿತಂತಾಗುವದು. ಪುಸ್ತಕವು ತಮ್ಮ ಕೈಗೆ ಬರುವ ಮೊದಲು ಯಾರೋ ಅದನ್ನು ಕಾಪಾಡಿದ್ದರೆಂಬ ಅರಿವು ಮಕ್ಕಳಲ್ಲಿ ಮೂಡಿದರೆ, ಮುಂದಿನವರಿಗಾಗಿ ಅದನ್ನು ಕಾಪಾಡುವ ಬುದ್ಧಿಯೂ ಬರುವದು. ತಂಜಾವೂರಿನ ಪಂಡಿತರ ಹೆಸರು ಇನ್ನು ನಮಗೆ ಸಿಗಲಾರದು. ನಮ್ಮ ಕಪಾಟಿನ ಪುಸ್ತಕಗಳನ್ನು ಇಟ್ಟುಕೊಂಡಿದ್ದವರ ಹೆಸರುಗಳಾದರೋ ಇನ್ನೂ ನಮ್ಮ ಕಣ್ಣೆದುರಿಗಿವೆ. ಅವುಗಳನ್ನು ಬರೆದುಕೊಳ್ಳಲು ಮುಂದಿನ ಮಳೆಗಾಲದ ವರೆಗೆ ತಡಮಾಡಬಾರದು.